ಸೀಮಾಭಿಮಾನ ಮೀಮಾಂಸೆ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಶಿಷ್ಟಸಂಪ್ರದಾಯವಾದುದರಿಂದ ನಾವೂ ಅದನ್ನು ಮೀರಲಾರೆವು. ವಿಷಯ: ಮೈಸೂರು ಸಂಸ್ಥಾನ ಮೇಲೋ, ಮುಂಬಯಿ ಇಲಾಖೆ ಮೇಲೋ ಎಂಬ ವಿವಾದ. ಪ್ರಯೋಜನ: ಯಾವುದೂ ಇಲ್ಲ. ಸಂಬಂಧ: ಬೀಗತನ. ಅಧಿಕಾರಿ: ಮೈಸೂರನ್ನಾಗಲಿ ಮುಂಬಯಿಯನ್ನಾಗಲಿ ಕಣ್ಣಾರೆ ಕಾಣದವನಾಗಿದ್ದೂ, ಮದುವೆಯ ಪಂಕ್ತಿಯಲ್ಲಿ ಪಾಯಸ ಬರುವ ತನಕ ಬಾಯಿ ಮುಚ್ಚಿ ಕೂಡಲಾರದ ಯಾವನೇ ಗೃಹಸ್ಥ.

ಕ್ಷೇತ್ರವು ಸೊರಬ ತಾಲ್ಲೂಕಿನ ಜಡೆ. 1956ರ ನವೆಂಬರ್ 1ಕ್ಕೆ ಮುಂಚೆ ಇಲ್ಲಿಂದ ಅತ್ತ ಬನವಾಸಿಗೆ ಹೋದರೂ ಇತ್ತ ಹಾನಗಲ್ಲಿಗೆ ಹೋದರೂ ಮನುಷ್ಯನು ಮುಂಬಯಿ ಸರ್ಕಾರದ ನೆಲವನ್ನೇ ಮೆಟ್ಟುತ್ತಿದ್ದನು. ಈಚೆ ಅಮಲ್ದಾರ, ಆಚೆ ಮಾಮಲೇದಾರ. ಈಚೆ ಶಾನುಭೋಗ, ಆಚೆ ಕುಲಕರ್ಣಿ. ಲೆಕ್ಕ ಬರೆಯುವ ಕೈ ಬೇರೆ, ಲೆಕ್ಕ ತಪ್ಪುವ ಕ್ರಮ ಒಂದೇ. ಸಾಗರದ ಸೀಮೆಯ ವರದಾಮೂಲದಲ್ಲಿ ಮೈಸೂರಿನ ಪ್ರಜೆಯಾಗಿ ಹುಟ್ಟುವ ವರದೆಯು ಬನವಾಸಿಯನ್ನು ಮೂರು ಕಡೆಯಿಂದ ಬಳಸುವಷ್ಟರಲ್ಲಿ ಮುಂಬಯಿಯವಳಾಗಿಬಿಡುತ್ತಿದ್ದಳು; ಇದರಿಂದ ಮೀನಿನ ರುಚಿ ಕೆಟ್ಟಿತೆಂದು ಜಡೆಯ ಕಡೆಯವರೂ, ಸುಧಾರಿಸಿತೆಂದು ಆಚೆಯವರೂ ಸಾಧಿಸುತ್ತಿದ್ದರೆಂದು ಊಹಿಸಲು ಅಡ್ಡಿಯಿಲ್ಲ.

ಪೂರ್ವಪಕ್ಷ ಹಾನಗಲ್ಲಿನ ಬೀಗರದು. "ನಿಮ್ಮ ಸಂಸ್ಥಾನ ಅಂಗೈಯಷ್ಟು ಐತಿ. ನಮ್ಮ ಇಲಾಖೆ ಕರಾಚಿ ಮಟ ಐತ್ರೀ!" 1936ರಲ್ಲಿ ಸಿಂಧವು ಪ್ರತ್ಯೇಕವಾದ ಮೇಲೆ ಈ ಹೇತು ಬಿದ್ದುಹೋಯಿತಾದರೂ, ಕರಾಚಿಯು ಎಲ್ಲಿದೆಯೆಂಬುದೇ ಪಂಕ್ತಿಯಲ್ಲಿ ಯಾರಿಗೂ ತಿಳಿಯದಿದ್ದುದರಿಂದ ಅದು ಬಹುಕಾಲ ಚಲಾವಣೆಯಲ್ಲಿ ಉಳಿಯಿತೆಂದು ನಮ್ಮ ಅನುಮಾನಪ್ರಮಾಣ. ಇದಕ್ಕೆ ಜಡೆಯ ಸಿದ್ಧಾಂತಿಯು 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದುದನ್ನೂ, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುದನ್ನೂ, 1916ರಲ್ಲಿ ಮಹಾರಾಜರು ವಿಶ್ವವಿದ್ಯಾನಿಲಯವನ್ನೇ ಕಟ್ಟಿದುದನ್ನೂ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಕುಳಿತು ವಿವರಿಸುವನು. ಅದೂ ಎಂಥ ಭಾಷೆಯಲ್ಲಿ! "ಐತಿ", "ಹೋಗ್ಯಾನ", "ಬಂದಾನ" ಎಂದು ಹಾನಗಲ್ಲಿನವರ ಮಾತಿನಲ್ಲಿಯೇ. ಇವನು ಮೈಸೂರಿಗೆ ಹೋಗಿ ಬಾಯಿ ತೆರೆದಿದ್ದರೆ ಅಲ್ಲಿಯವರು ಧಾರವಾಡದವನೆಂದೇ ತಿಳಿದು ಆದರಿಸುತ್ತಿದ್ದರು. ಅಭಿಮಾನದ ಪ್ರಮಾಣವು ಅಭಿಮಾನದ ವಸ್ತುವಿಗೂ ಅಭಿಮಾನಿಗೂ ನಡುವಣ ದೂರಕ್ಕೆ ಸಮನಾಗಿ ಬೆಳೆಯುತ್ತದೆಂಬ ನಮ್ಮ ಪ್ರಥಮ ಸೂತ್ರಕ್ಕೆ ಇದಕ್ಕಿಂತ ಪ್ರಬಲವಾದ ದೃಷ್ಟಾಂತ ದೊರೆಯದು.

ವಿದ್ಯಾಪ್ರಕರಣದಲ್ಲಿ ಮುಂಬಯಿ ಪಕ್ಷವು 1890ರ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಮುಂದಿಡುವುದು; ಬೆಂಗಳೂರಿನ ಸಾಹಿತ್ಯ ಪರಿಷತ್ತು ಅದಕ್ಕೆ ಇಪ್ಪತ್ತೈದು ವರ್ಷ ಕಿರಿದು. ಆದರೆ ಮರಾಠಿಯ ಪ್ರಾಬಲ್ಯದಲ್ಲಿ ಕನ್ನಡ ಸೊರಗುತ್ತಿದ್ದುದರಿಂದಲ್ಲವೆ ಆ ಸಂಘ ಬೇಕಾದುದು, ಎಂದು ಸಿದ್ಧಾಂತಿಯು ತಿರುಗಿಸಿ ಕೇಳಿದರೆ ಹಾನಗಲ್ಲಿನವರು ಹೋಳಿಗೆಯ ಕಡೆ ಗಮನ ಹರಿಸುವರು. ಇದು ನಿಗ್ರಹಸ್ಥಾನ.

ಕಠಿಣವಾದುದು ಮಯೂರಶರ್ಮಪ್ರಕರಣ. ಕದಂಬರ ವೃತ್ತಾಂತವನ್ನು ಹೇಳುವ ಸ್ತಂಭಶಾಸನವು ನಿಂತಿರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಎಂದರೆ ಮೈಸೂರಿನಲ್ಲಿ; ಅವರು ಆಳಿದುದು ಶಿರಸಿ ತಾಲ್ಲೂಕಿನ ಬನವಾಸಿಯಿಂದ, ಎಂದರೆ ಮುಂಬಯಿಯಿಂದ. "ಕಂಬ ನಮ್ಮದು" ಎಂದು ಒಬ್ಬರು, "ಗದ್ದುಗೆ ನಮ್ಮದು" ಎಂದು ಇನ್ನೊಬ್ಬರು. ವಾದವು ಜಲ್ಪವಾಗಿ, ಜಲ್ಪವು ವಿತಂಡೆಯಾಗಿ ಬೆಳೆದಾಗ ಇಬ್ಬರೂ ಒಂದು ಅಪಾಯವನ್ನು ಮರೆತರು. ಮಯೂರಶರ್ಮನು ವಿದ್ಯೆಗೆಂದು ಹೋದುದು ಕಂಚಿಗೆ. ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದುದೂ ಅಲ್ಲಿಯೇ. ಬನವಾಸಿಯಿದ್ದ ಉತ್ತರ ಕನ್ನಡವಾದರೋ 1862ರವರೆಗೆ ಮದರಾಸು ಇಲಾಖೆಗೇ ಸೇರಿತ್ತು. ಮದರಾಸಿನ ಬೀಗನೊಬ್ಬನು ಆ ಪಂಕ್ತಿಯಲ್ಲಿ ಕುಳಿತಿದ್ದರೆ ಇಡೀ ಕದಂಬವಂಶವನ್ನು ಎಲೆಯ ಸಮೇತ ಎತ್ತಿಕೊಂಡು ಹೋಗುತ್ತಿದ್ದನು. ಅಷ್ಟು ದೂರ ಹೆಣ್ಣು ಕೊಡುವ ರೂಢಿಯಿಲ್ಲದುದು ಉಭಯ ಪಕ್ಷಗಳ ಪುಣ್ಯ.

ಜೋಗದ ವಿಷಯವನ್ನು ವಿಸ್ತರಿಸುವುದಿಲ್ಲ. ಒಂದೇ ನೀರು ಬೀಳುವುದನ್ನು ನೋಡಲು ಈ ದಡದಲ್ಲಿ ಮೈಸೂರು ಬಂಗಲೆ, ಆ ದಡದಲ್ಲಿ ಬಾಂಬೆ ಬಂಗಲೆ ಇದ್ದವೆಂದರೆ ಬುದ್ಧಿವಂತರಿಗೆ ಸಾಕು.

ಗಡಿಯು ಅಳಿಸಿಹೋದ ಬಳಿಕ ಈ ಶಾಸ್ತ್ರವು ನಿರಾಶ್ರಯವಾಗಬೇಕಾಗಿತ್ತು. ಹದಿನೇಳು ವರ್ಷ ಮೈಸೂರೆಂಬ ಹೆಸರೇ ಉಳಿದುದು ಜಡೆಯವರಿಗೆ ಅಲ್ಪಸ್ವಲ್ಪ ಸಮಾಧಾನವನ್ನು ಕೊಟ್ಟಿತು; 1973ರಲ್ಲಿ ಕರ್ನಾಟಕವೆಂದಾದಾಗ ಅದೂ ಹೋಯಿತು. ಆದರೆ ದೈವವು ಶಾಸ್ತ್ರಗಳನ್ನು ಹಾಗೆ ಕೈಬಿಡುವುದಿಲ್ಲ. 1990ರಲ್ಲಿ ಸೊರಬದ ಬಂಗಾರಪ್ಪನವರೂ, 2007ರಲ್ಲಿ ಶಿಕಾರಿಪುರದ ಯಡಿಯೂರಪ್ಪನವರೂ ಮುಖ್ಯಮಂತ್ರಿಗಳಾದುದರಿಂದ, ಎರಡು ಮಹಾಸೀಮೆಗಳಿಗೆ ಬೇಕಾಗಿದ್ದ ವಿವಾದವು ಈಗ ಒಂದಕ್ಕೊಂದು ಅಂಟಿದ ಎರಡು ತಾಲ್ಲೂಕುಗಳಲ್ಲಿ ಸಾಂಗವಾಗಿ ನೆರವೇರುತ್ತಿದೆ. ದೂರ ಕಡಿಮೆಯಾದರೂ ಅಭಿಮಾನ ತಗ್ಗದಿರುವುದು ನಮ್ಮ ಪ್ರಥಮ ಸೂತ್ರಕ್ಕೆ ಬಾಧಕವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಇದರ ಪರಿಹಾರವನ್ನು ಉತ್ತರಖಂಡದಲ್ಲಿ ಹೇಳಲಾಗುವುದು. ಅಲ್ಲಿಯವರೆಗೆ ತಾಳಲಾರದ ಅಧಿಕಾರಿಗಳು ಆನವಟ್ಟಿಯ ಸಂತೆಗೆ ಹೋಗಿ ವಿಚಾರಿಸಿಕೊಳ್ಳತಕ್ಕದ್ದು.