ನಮ್ಮ ಹೋಬಳಿಯ ಬ್ರೇಕಪ್ಪ

ಹೆಣ್ಣು ನೋಡಲು ಹೋದವರಲ್ಲಿ ಕೆಲವರು ಮುಖ ನೋಡುತ್ತಾರೆ, ಕೆಲವರು ಉಪ್ಪಿಟ್ಟು ನೋಡುತ್ತಾರೆ. ನಮ್ಮ ಬ್ರೇಕಪ್ಪ ನೋಡಿದ್ದು ಅಂಗಳದಲ್ಲಿ ನಿಂತಿದ್ದ ಭಾವೀ ಮಾವನ ಕಾರನ್ನು. ಅದರ ಹಿಂದಿನ ಚಕ್ರದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, "ಡ್ರಮ್ಮಾ?" ಎಂದು ಕೇಳಿದನಂತೆ. ಹುಡುಗ ಆಗಲೇ ವಾಲಗದವರ ವಿಷಯಕ್ಕೆ ಬಂದುಬಿಟ್ಟ, ಅಂದಮೇಲೆ ಒಪ್ಪಿಗೆಯಾಯಿತು ಎಂದುಕೊಂಡು ಹೆಣ್ಣಿನ ಕಡೆಯವರು ತಾಂಬೂಲದ ತಟ್ಟೆ ತಂದರು. ಮದುವೆಯಾಯಿತು. ಆಕೆ ಇವತ್ತಿಗೂ ಆ ಕಾರನ್ನು ಶಪಿಸುತ್ತಾಳೆ.

ನಿಜವಾದ ಹೆಸರು ಬೇಡ. ಅಂಬಾಜಿದುರ್ಗ ಹೋಬಳಿಯಲ್ಲಿ ಇಂಥವನೊಬ್ಬ ಇದ್ದಾನೆ ಎಂದರೆ ಸಾಕು. ಶಿಡ್ಲಘಟ್ಟದಲ್ಲಿ ಒಬ್ಬ, ಗೌರಿಬಿದನೂರಿನಲ್ಲಿ ಇಬ್ಬರು ಇರುವುದು ನನಗೇ ಗೊತ್ತು.

2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆಗ ಕೈಯಲ್ಲಿ ಫಸಲಿದ್ದವರು ಟ್ರ್ಯಾಕ್ಟರ್ ಸಾಲ ತೀರಿಸಿದರು, ಮನೆ ಮೇಲೆ ಮನೆ ಎತ್ತಿದರು. ಬ್ರೇಕಪ್ಪ ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕಾರು ತಂದ. ಕೆಂಪು ಬಣ್ಣ, ಎರಡು ಬಾಗಿಲು. ಹಿಂದಿನ ಸೀಟಿನಲ್ಲಿ ಒಂದು ಬಾಕ್ಸ್ ಟೊಮೆಟೊ ಕೂರುತ್ತದೆ, ಮನುಷ್ಯ ಕೂರುವುದಿಲ್ಲ. ಮೊದಲ ವಾರ ಅವನಿಗೆ ತಿಳಿಯಿತು: ಈ ಗಾಡಿ ಓಡುತ್ತದೆ. ಎರಡನೇ ವಾರ ಹೊಳೆಯಿತು: ಓಡುವುದಾದರೆ ನಿಲ್ಲಲೂ ಬೇಕಲ್ಲ?

ಅಲ್ಲಿಂದ ಶುರುವಾಯಿತು ಚಿಂತೆ. ಕಂಪನಿ ಕೊಟ್ಟ ಬ್ರೇಕು ಸಾಕೋ, ಆರು ಪಿಸ್ಟನ್ನಿನ ಕ್ಯಾಲಿಪರ್, ಅಗಲದ ಡಿಸ್ಕು ಇರುವ ದೊಡ್ಡ ಬ್ರೇಕ್ ಕಿಟ್ಟು ಹಾಕಿಸಬೇಕೋ? ಡಿಸ್ಕಿಗೆ ತೂತಿರಬೇಕೋ, ಗೀರಿರಬೇಕೋ? ಟೀ ಅಂಗಡಿಯಲ್ಲಿ ಮಳೆ, ಬೆಲೆ, ಬೋರ್‌ವೆಲ್ ಆಳ, ಯಾವ ಮಾತು ಎತ್ತಿದರೂ ಅವನು ಮೂರನೇ ವಾಕ್ಯಕ್ಕೆ ಇಟಲಿಯ ಬ್ರೇಕ್ ಕಂಪನಿ ಬ್ರೆಂಬೊ ತಲುಪುತ್ತಾನೆ. ಸಾವಿನ ಮನೆಗೆ ಹೋದವನು ಶವವಾಹನದ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟದ್ದನ್ನು ಕಣ್ಣಾರೆ ಕಂಡವನು ನಾನು.

ಚಿಂತಾಮಣಿಯ ಮೆಕ್ಯಾನಿಕ್ ಒಬ್ಬನ ಹತ್ತಿರ ಈ ವಿಚಾರ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಒಂದು ದಿನ ನಾನೂ ಜೊತೆಗಿದ್ದೆ.

"ಖಾಲಿ ರೋಡಲ್ಲಿ ಜೋರಾಗಿ ಬ್ರೇಕ್ ಒತ್ತಿದ್ರೆ ಪೆಡಲ್ಲು ಕಾಲಡಿ ಕಟಕಟ ಅಂತದಾ ಅಣ್ಣಾ?" ಎಂದ ಮೆಕ್ಯಾನಿಕ್.

"ಅಂತದೆ."

"ಅದು ಎಬಿಎಸ್ಸು. ಟೈರಿನ ಹಿಡಿತ ಮುಗೀತು, ಬ್ರೇಕಿನ ಬಲ ಇನ್ನೂ ಉಳ್ಕೊಂಡದೆ ಅಂತ ಅರ್ಥ. ಚಕ್ರ ನಿಲ್ಸೋದು ಬ್ರೇಕು, ಗಾಡಿ ನಿಲ್ಸೋದು ಟೈರು. ಮೊದ್ಲು ಆ ಬೋಳು ಟೈರ್ ಬದಲಾಯ್ಸು."

ಇಷ್ಟಕ್ಕೆ ಮಾತು ಮುಗಿಯಬೇಕಿತ್ತು. ಲೆಕ್ಕವೂ ಅವನದೇ ಪಕ್ಷ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ಒಳ್ಳೆಯ ಟೈರಿದ್ದು ಒಣ ರಸ್ತೆಯಿದ್ದರೆ ಬ್ರೇಕ್ ಹಿಡಿದಮೇಲೆ ನಿಲ್ಲಲು 40 ಮೀಟರ್ ಚಿಲ್ಲರೆ ಬೇಕು. ಕಿಟ್ಟು ಹಾಕಿಸಿದರೂ ಒಂದೇ ಒಂದು ಸಲ ನಿಲ್ಲುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಬೇಕು. ಬ್ರೇಕಪ್ಪ ಎಡಗೈಯಲ್ಲಿ ಕ್ಯಾಲಿಪರಿನ ಚಿತ್ರ ನೋಡುತ್ತ ಓಡಿಸಿದರೆ ಆ 28 ಮೀಟರು ಮೊದಲೇ ಖರ್ಚಾಗಿರುತ್ತದೆ, ಅದಕ್ಕೆ ಇಟಲಿಯವರೂ ಹೊಣೆಯಲ್ಲ.

ಆದರೆ ಬ್ರೇಕಪ್ಪನ ಬತ್ತಳಿಕೆಯಲ್ಲಿ ಒಂದು ಬಾಣ ಉಳಿದಿತ್ತು. "ನಂದಿ ಬೆಟ್ಟ ಇಳಿಯೋವಾಗ?"

ಒಪ್ಪಬೇಕಾದ ಪ್ರಶ್ನೆಯೇ. ದೊಡ್ಡ ಬ್ರೇಕಿನ ಉಪಯೋಗ ಒಂದು ಸಲ ನಿಲ್ಲುವುದರಲ್ಲಿಲ್ಲ, ಮತ್ತೆ ಮತ್ತೆ ಹಿಡಿದಾಗ ಹುಟ್ಟುವ ಕಾವನ್ನು ತಾಳಿಕೊಳ್ಳುವುದರಲ್ಲಿದೆ. 1,478 ಮೀಟರ್ ಎತ್ತರದ ನಂದಿಯಿಂದ ಬುಡಕ್ಕೆ ಸುಮಾರು 500 ಮೀಟರ್ ಇಳಿಜಾರು. 1,400 ಕಿಲೋ ತೂಕದ ಗಾಡಿಯನ್ನು ಬರೀ ಬ್ರೇಕಿನ ಮೇಲೆ ಇಳಿಸಿದರೆ ಹುಟ್ಟುವ ಶಾಖದಲ್ಲಿ 20 ಲೀಟರ್ ತಣ್ಣೀರನ್ನು ಕೊತಕೊತ ಕುದಿಸಬಹುದು. ಒಬ್ಬರ ಎಣ್ಣೆಸ್ನಾನಕ್ಕೆ ಧಾರಾಳ! ಆ ಕಾವೆಲ್ಲ ನಾಲ್ಕು ಡಿಸ್ಕುಗಳಿಗೆ ಏರುತ್ತದೆ. ಪ್ಯಾಡು ವಾಸನೆ ಬರುತ್ತದೆ, ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ಕಟ್ಟಿದರೆ ಪೆಡಲ್ಲು ಬೆಣ್ಣೆಗೆ ಕಾಲಿಟ್ಟ ಹಾಗೆ ಕೆಳಗೆ ಹೋಗುತ್ತದೆ.

"ಅದ್ಕೇ ದೇವರು ಎರಡನೇ ಗೇರ್ ಕೊಟ್ಟವ್ನೆ" ಎಂದ ಮೆಕ್ಯಾನಿಕ್, ಬಾನೆಟ್ ಎತ್ತಿ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸುತ್ತ. ಒಳಗಿದ್ದದ್ದು ಉಡುಪಿ ಹೋಟೆಲಿನ ಡಿಕಾಕ್ಷನ್ ಬಣ್ಣ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅಂದರೆ ಹೊಸದರಲ್ಲಿ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸು ಎನ್ನುವುದು ಅದಕ್ಕೇ. ಲಕ್ಷಗಳ ಕಿಟ್ಟಿನ ಬಗ್ಗೆ ಉಪನಿಷತ್ತು ಹೇಳುವವನು ಕೆಲವು ನೂರು ರೂಪಾಯಿಯ ಆಯಿಲ್ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಇನ್ನು ನಂದಿಯಲ್ಲಿ ಅವನು ಎಷ್ಟು ವೇಗವಾಗಿ ಇಳಿದಾನು? ಭಾನುವಾರ ಬೆಳಗ್ಗೆ ಬೆಂಗಳೂರಿಗೆ ಬೆಂಗಳೂರೇ ಅಲ್ಲಿ ಸಾಲು ನಿಂತಿರುತ್ತದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಫಿರಂಗಿ ಎಳೆದುಕೊಂಡು ಹತ್ತಿದ ವೇಗಕ್ಕಿಂತ ಇವನದು ಹೆಚ್ಚಿರಲಾರದು. ಊರಿನ ಕಡೆಯಂತೂ ಕೇಳಲೇಬೇಡಿ. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ ತೆನೆ ಹರಡಿದವರು "ಬಾ ಸಾಮಿ, ಇನ್ನೊಂದು ಸುತ್ತು ಓಗು" ಎಂದು ಕರೆಯುತ್ತಾರೆ. ಹುರುಳಿ ಬಳ್ಳಿ ಆ ತಗ್ಗು ಗಾಡಿಯ ಹೊಟ್ಟೆಗೆ ಸುತ್ತಿಕೊಂಡು, ಬಿಡಿಸಲು ಕುಡುಗೋಲು ಬೇಕಾಯಿತು. ಅದರ ಮೇಲೆ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮೂರಿನದು ಬದುವಿನ ಅಳತೆ. ಅದನ್ನು ಹಾಕಿಸಿದವರು ಬ್ರೇಕಪ್ಪನ ತಂದೆ, ಕರುವಿಗೆ ಲಾರಿ ತಾಗಿದ ವರ್ಷ. ಮಗನ ಗಾಡಿಯನ್ನು ಇವತ್ತಿಗೂ ಖಚಿತವಾಗಿ ನಿಲ್ಲಿಸುವ ಬ್ರೇಕು ಅದೊಂದೇ.

ರೇಸ್ ಟ್ರ್ಯಾಕಿಗೆ ಹೋಗುವವನಾದರೆ ಮಾತು ಬೇರೆ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವನಿಗೆ ದೊಡ್ಡ ಡಿಸ್ಕು ಹಾಕಿಸು ಎಂದು ನಾನೇ ಹೇಳಿಯೇನು. ಕಾರು ತಂದಾಗಿನಿಂದಲೂ ಬ್ರೇಕಪ್ಪ ಅಲ್ಲಿಗೆ ಮುಂದಿನ ತಿಂಗಳು ಹೋಗುತ್ತಿದ್ದಾನೆ.

ಕೊನೆಗೆ ಒಂದು ರಾತ್ರಿ ಕಿಟ್ಟಿನ ಬೆಲೆ ಹೆಂಡತಿಯ ಕಿವಿಗೆ ಬಿತ್ತು. ಆ ಕ್ಯಾಲಿಪರು ಈಗಿನ ಚಕ್ರದೊಳಗೆ ಹಿಡಿಸುವುದಿಲ್ಲ, ಚಕ್ರವೂ ದೊಡ್ಡದು ಬೇಕು, ಅದಕ್ಕೆ ಟೈರೂ ಬೇರೆ ಎಂಬುದೂ ಬಿತ್ತು. ಆಕೆ ಕೂಗಾಡಲಿಲ್ಲ. "ಎರಡು ಸೀಮೆ ಹಸು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಕರು ಸಮೇತ" ಎಂದಳು.

ಒಂದೂವರೆ ವರ್ಷದ ಮೀಮಾಂಸೆ ಮುಗಿದದ್ದು ಹೀಗೆ: ಹೊಸ ಟೈರು, ಹೊಸ ಆಯಿಲ್, ಸ್ವಲ್ಪ ಹೆಚ್ಚು ಕಾವು ತಾಳುವ ಪ್ಯಾಡು. ಮೆಕ್ಯಾನಿಕ್ ಮೊದಲ ದಿನ ಹೇಳಿದ್ದೂ ಅದನ್ನೇ. ಆದರೆ ಬ್ರೇಕಪ್ಪ ಅದನ್ನು ತನ್ನ ಸಂಶೋಧನೆ ಎಂದು ಟೀ ಅಂಗಡಿಯಲ್ಲಿ ಸಾರಿದ.

ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸುವ ಶಾಸ್ತ್ರವೊಂದಿದೆ. ಎಂಬತ್ತರ ವೇಗಕ್ಕೆ ಏರಿಸಬೇಕು, ಬ್ರೇಕ್ ಒತ್ತಿ ಹತ್ತಕ್ಕೆ ಇಳಿಸಬೇಕು, ಆದರೆ ಪೂರ್ತಿ ನಿಲ್ಲಿಸಬಾರದು. ಬಿಸಿ ಡಿಸ್ಕಿನ ಮೇಲೆ ಪ್ಯಾಡು ಒಂದೇ ಕಡೆ ಕೂತರೆ ಅಲ್ಲೇ ಅಚ್ಚೊತ್ತುತ್ತದೆ. ಹೀಗೆ ಎಂಟು ಹತ್ತು ಸಲ. ಒಂದು ಮಂಗಳವಾರ ಮಧ್ಯಾಹ್ನ, ಕೈಲಾಸಗಿರಿಯ ಕಡೆಗೆ ಹೋಗುವ ಖಾಲಿ ರಸ್ತೆಯಲ್ಲಿ, ಅಂಬಾಜಿದುರ್ಗದ ಬಂಡೆಗಳ ಸಾಕ್ಷಿಯಾಗಿ ಶಾಸ್ತ್ರ ಶುರುವಾಯಿತು. ಪಕ್ಕದ ಸೀಟಿನಲ್ಲಿ ನಾನು.

ಬ್ರೇಕ್ ಒತ್ತುವ ಜಾಗಕ್ಕೆ ಸರಿಯಾಗಿ ಒಂದು ಹುಣಸೆಮರ, ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ. ಮೊದಲ ಸಲ ಗಾಡಿ ನಿಧಾನವಾದಾಗ ಅಜ್ಜಿ ಗಂಟು ಎತ್ತಿಕೊಂಡು ಎದ್ದಳು. ನಾವು ಭರ್ರನೆ ಹೋದೆವು. ತಿರುಗಿ ಬಂದೆವು, ನಿಧಾನವಾಯಿತು, ಅಜ್ಜಿ ನಾಲ್ಕು ಹೆಜ್ಜೆ ಓಡಿಬಂದಳು, ನಾವು ಭರ್ರನೆ ಹೋದೆವು. ಮೂರನೇ ಸಲ ಅಜ್ಜಿಯ ಕೈ ಬಾಗಿಲಿಗೆ ತಾಗುವಷ್ಟು ಹತ್ತಿರ ಬಂತು. "ನಿಲ್ಸೋ ಪಾಪ" ಎಂದೆ. "ಅಚ್ಚೊತ್ತುತ್ತೆ!" ಎಂದ. ನಾಲ್ಕನೇ ಸಲಕ್ಕೆ ಆಕೆ ಎದ್ದು ಬರಲಿಲ್ಲ, ಐದನೇ ಸಲಕ್ಕೆ ಮಣ್ಣು ತೂರಿದಳು.

ಎಲ್ಲ ಮುಗಿದು, ಡಿಸ್ಕು ಆರಲೆಂದು ಅರ್ಧ ಗಂಟೆ ನಿಧಾನಕ್ಕೆ ಸುತ್ತಾಡಿ ವಾಪಸು ಬಂದರೆ ಅಜ್ಜಿ ಅಲ್ಲೇ ಇದ್ದಳು. ಬ್ರೇಕಪ್ಪನಿಗೂ ಒಳಗೆ ಕುಟುಕಿರಬೇಕು. ಈ ಸಲ ಪೆಡಲ್ಲು ಒತ್ತಿದ. ಗಾಡಿ ಹುಣಸೆಮರದ ನೆರಳಿನ ಅಂಚಿಗೆ ಗೆರೆ ಎಳೆದಂತೆ ನಿಂತಿತು. ಅವನ ಮುಖದಲ್ಲಿ ಗೆದ್ದ ಕಳೆ. ಗಾಜು ಇಳಿಸಿ, "ಬಾರಜ್ಜಿ, ಚಿಂತಾಮಣಿಗೆ ಬಿಡ್ತೀನಿ" ಎಂದ.

ಅಜ್ಜಿ ಬಗ್ಗಿ ಗಾಡಿಯನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದಳು.

"ಬ್ಯಾಡ ಕಣಪ್ಪಾ. ಚಿಂತಾಮಣಿನಾಗೆ ನಮ್ ಮೊಮ್ಮಗ ಮೆಕಾನಿಕ್ ಕೆಲ್ಸ ಮಾಡ್ತಾನೆ. ಮೊದ್ಲು ಅವುನ್ತಾವ ಓಗಿ ಬ್ರೇಕ್ ತೋರ್ಸ್ಕೋ. ನಾನು ಬಸ್ಸಿಗೇ ಬತ್ತೀನಿ."