ಬೆಂಕಿ ಬೆಟ್ಟಕ್ಕೆ ಹೊರಟವನ ಚೀಲ

ರಾಯದುರ್ಗದ ಬೆಟ್ಟ ಹತ್ತಲು ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ. ಹವಾಯಿ ಚಪ್ಪಲಿ, ಒಂದು ಬಾಟಲಿ ನೀರು, ಪೇಪರಿನಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ ಒಗ್ಗರಣೆ, ಜೊತೆಗೆರಡು ಮಿರ್ಚಿ. ಇಷ್ಟಾದರೆ ಕೋಟೆ ಗೆದ್ದಂತೆಯೇ. ಮಡಕಶಿರಾದ ಬೆಟ್ಟಕ್ಕೂ ಇದೇ ಲೆಕ್ಕ. ನಮ್ಮ ಬೆಟ್ಟಗಳ ಮೇಲೆ ನಮಗೆ ಅಷ್ಟು ನಂಬಿಕೆ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ, ಅನಂತಪುರದ ಪಾಲಿಗೆ ಹೋಯಿತು. 2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆ ಸೇರಿತು. ಬೋರ್ಡು ಬರೆಯುವವರಿಗೆ ಕೆಲಸ ಸಿಕ್ಕಿತೇ ಹೊರತು ಬೆಟ್ಟಗಳು ಕೂತಲ್ಲಿಂದ ಏಳಲಿಲ್ಲ. ಈ ಸೀಮೆಯ ಕಲ್ಲು ಕುದಿದು ತಣ್ಣಗಾಗಿ 250 ಕೋಟಿ ವರ್ಷದ ಆಸುಪಾಸಾಯಿತು.

ಅಂಥ ಊರಿನ ಹುಡುಗ, ನಮ್ಮಕ್ಕನ ಮಗ, ಜಾವಾ ದ್ವೀಪದ ಬ್ರೋಮೊ ಜ್ವಾಲಾಮುಖಿ ಹತ್ತಲು ಹೊರಟ. "ಬೆಂಕಿ ಕಾಯಿಸ್ಕೊಳ್ಳೋಕೆ ಅಷ್ಟು ದೂರ ಯಾಕಪ್ಪ? ಏಪ್ರಿಲ್ ಮಧ್ಯಾಹ್ನ ನಮ್ಮ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲು" ಎಂದಳು ನನ್ನ ಹೆಂಡತಿ.

ಚೀಲ ಬಿಚ್ಚಿ ತೋರಿಸಿದ. ಹೆಲ್ಮೆಟ್, ಮಾಸ್ಕು, ಬಿಗಿಯಾಗಿ ಕೂರುವ ಕನ್ನಡಕ, ತಲೆಗೆ ಕಟ್ಟುವ ಟಾರ್ಚು, ಜೊತೆಗೆ ಸ್ವೆಟರು! 2,329 ಮೀಟರ್ ಎತ್ತರದಲ್ಲಿ ಬೆಳಗಿನ ಜಾವ ಹಲ್ಲು ಕಟಕಟ ಅನ್ನುತ್ತವಂತೆ. "ಜೀನ್ಸ್ ಮಾತ್ರ ಬೇಡ ಮಾವ, ಒದ್ದೆಯಾದ್ರೆ ಬೇಗ ಒಣಗಲ್ಲ, ಭಾರ" ಎಂದ. ಜೀನ್ಸ್ ಹೊಲಿದು ಅನ್ನ ಕಾಣುವ ಊರಿನಲ್ಲಿ ಕೂತು ಆಡುವ ಮಾತೇ ಇದು? ನಾನು ಎದ್ದು ಕಿಟಕಿ ಮುಚ್ಚಿದೆ.

ಆ ಮಾಸ್ಕು ಬೂದಿ ತಡೆಯುತ್ತದೆ, ಅನಿಲವನ್ನಲ್ಲ. ಗಂಧಕದ ಡೈಆಕ್ಸೈಡ್ ಕೆಮ್ಮು ಬರಿಸಿ ತಾನು ಬಂದದ್ದನ್ನು ತಿಳಿಸುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಅಷ್ಟು ಮರ್ಯಾದೆಯೂ ಇಲ್ಲ. ವಾಸನೆಯಿಲ್ಲದೆ ತಗ್ಗಿನಲ್ಲಿ ತುಂಬಿಕೊಂಡಿರುತ್ತದೆ. ಬಂಡೆಯ ಪೊಟರೆ ಕಂಡಕೂಡಲೇ ಕಾಲು ಚಾಚಿ ಮಂಡಕ್ಕಿ ಪೊಟ್ಟಣ ಬಿಚ್ಚುವ ನಮ್ಮವರಿಗೆ ಅಲ್ಲಿ ಸಾವು ಖಚಿತ ಅನ್ನಿಸಿತು.

ಇಂಡೊನೇಷ್ಯಾದಲ್ಲಿ ಜ್ವಾಲಾಮುಖಿಗಳ ಎಚ್ಚರಿಕೆಗೆ ನಾಲ್ಕು ಮಟ್ಟಗಳಿವೆ. ಎರಡನೆಯದಕ್ಕೇರಿದರೆ ಬ್ರೋಮೊ ಕುಳಿಯಿಂದ ಒಂದು ಕಿಲೋಮೀಟರ್ ದೂರ ನಿಲ್ಲಿ ಅನ್ನುತ್ತಾರೆ. ಹೊರಡುವ ದಿನವೂ ನೋಡಬೇಕು, ಬುಡದಲ್ಲಿ ನಿಂತೂ ಕೇಳಬೇಕು. ಆದರೆ ಆ ಅಂಕಿ ಬೆಟ್ಟ ಬರೆದುಕೊಟ್ಟ ಪತ್ರವಲ್ಲ. 2014ರ ಸೆಪ್ಟೆಂಬರ್ 27ರಂದು ಜಪಾನಿನ ಓಂಟಾಕೆ ಸಿಡಿದಾಗ ಇದ್ದದ್ದು ತೀರ ಕೆಳಗಿನ ಮಟ್ಟ. ಸತ್ತವರು, ಕಾಣೆಯಾದವರು ಸೇರಿ 63 ಜನ. ನ್ಯೂಜಿಲೆಂಡಿನ ವಕಾರಿ ಜ್ವಾಲಾಮುಖಿ ದ್ವೀಪದಲ್ಲಿ ಮಟ್ಟ ಏರಿಸಿ ಮೂರು ವಾರವಾಗಿತ್ತು, ಪ್ರವಾಸ ನಿಂತಿರಲಿಲ್ಲ. 2019ರ ಡಿಸೆಂಬರ್ 9ರಂದು ಅದು ಸಿಡಿದಾಗ ಅಲ್ಲಿದ್ದ 47 ಜನರಲ್ಲಿ 22 ಜನ ಉಳಿಯಲಿಲ್ಲ. ಇದನ್ನು ಕೇಳಿದ ಮೇಲೆ ಹೆಲ್ಮೆಟ್ ನೋಡಿ ನಗುವುದನ್ನು ಬಿಟ್ಟೆವು.

ಹಾಗಂತ ನಮ್ಮ ಸೀಮೆ ಬೆಂಕಿ ಕಾಣದ್ದೇನಲ್ಲ. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಸುಮಾರು 110 ಕೋಟಿ ವರ್ಷದ ಹಿಂದೆ ಭೂಮಿಯ ಆಳದಿಂದ ವಜ್ರ ಹೊತ್ತು ಉಕ್ಕಿಬಂದ ಕಿಂಬರ್‌ಲೈಟ್ ಕೊಳವೆಗಳಿವೆ. ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ತಲೆ ಬಗ್ಗಿಸಿ ವಜ್ರ ಹುಡುಕುತ್ತಾರೆ. ಅದಕ್ಕೆ ಹೆಲ್ಮೆಟ್ ಬೇಡ. ಹೊಲದ ಯಜಮಾನ ಆಚೆ ಹೋಗಿರಬೇಕು, ಅಷ್ಟೆ.

ಬ್ರೋಮೊ ಕುಳಿಯ ಅಂಚಿನಲ್ಲಿ ಗಣಪತಿ ಇದ್ದಾನೆ ಎಂದು ತಿಳಿದಾಗ ನನ್ನವಳ ಮುಖ ಅರಳಿತು. ದಶಭುಜ ಗಣಪತಿಯಿರುವ ರಾಯದುರ್ಗದವಳಲ್ಲವೇ! "ಹಾಗಾದ್ರೆ ಒಂದು ಕಾಯಿ ಒಯ್ಯಿ" ಎಂದಳು. ಅಲ್ಲಿನ ತೆಂಗರ್ ಜನ ‘ಕಸಾದಾ’ ಎಂಬ ಹಬ್ಬದಲ್ಲಿ ತರಕಾರಿ, ಕೋಳಿ, ದುಡ್ಡು ಎಲ್ಲವನ್ನೂ ಕುಳಿಗೆ ಎಸೆಯುತ್ತಾರೆ. ಒಳಗಿನ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತವರು ಅದನ್ನು ಹಿಡಿದುಕೊಳ್ಳುತ್ತಾರೆ. ಕಾಯಿ ಯಾರ ತಲೆಗೆ ಬಿದ್ದೀತೋ ಎಂದು ಆ ಯೋಚನೆ ಕೈಬಿಟ್ಟೆವು. "ಅವರ ದೇವರಿಗೆ ಅವರು ಎಸೀಲಿ, ನೀನು ನಿನ್ನ ಬಾಟಲಿ ವಾಪಸ್ ತಾ" ಎಂದು ನಾನೂ ಒಂದು ಮಾತು ಸೇರಿಸಿದೆ.

ಕೊನೆಗೆ ಅವಳು ಕೇಳಿದಳು: "ಕರ್ಕೊಂಡು ಹೋಗೋನು ಅರ್ಧ ದಾರೀಲಿ ಬೇಡ ಅಂದ್ರೆ?"

"ವಾಪಸ್ ಬರ್ತೀನಿ ಅತ್ತೆ."

"ದುಡ್ಡು ಕೊಡ್ತಾರಾ ವಾಪಸ್ಸು?"

"ಕೊಡಲ್ಲ."

"ಹೋದ ದುಡ್ಡಿಗೆ ಹೊಟ್ಟೆ ಉರ್ಕೊಂಡು ಮೇಲೆ ಹೋಗೀಯ ಮತ್ತೆ. ಎಷ್ಟಾಯ್ತು ಹೇಳು, ನಿಮ್ಮ ಮಾವ ಕೊಡ್ತಾರೆ."