ಗೈಡ್ ಯಾಕೆ, ನಾನಿದ್ದೀನಲ್ಲ!

ಪ್ರತಿ ಕುಟುಂಬದಲ್ಲೂ ಇಂಥ ಒಬ್ಬ ಮಾವ ಇರುತ್ತಾರೆ. ನಿವೃತ್ತರು, ಸಣ್ಣಗೆ ಸಕ್ಕರೆ ಕಾಯಿಲೆ, ದೊಡ್ಡದಾಗಿ ಇತಿಹಾಸ ಪ್ರಜ್ಞೆ. ಬೇಲೂರು-ಹಳೇಬೀಡಿಗೆ ಟೆಂಪೋ ಟ್ರಾವೆಲರ್ ಗೊತ್ತಾಯಿತೆಂದರೆ ಡ್ರೈವರ್ ಪಕ್ಕದ ಸೀಟು ಅವರಿಗೇ ಮೀಸಲು. ಹಾಸನ ಬರುವಷ್ಟರಲ್ಲಿ ಸಳ ಹುಲಿ ಹೊಡೆದು, ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ಆಗಿರುತ್ತದೆ. ಹಿಂದಿನ ಸೀಟುಗಳಲ್ಲಿ ಅರ್ಧ ಜನ ನಿದ್ದೆಯಲ್ಲಿ, ಇನ್ನರ್ಧ ಚಕ್ಕುಲಿಯಲ್ಲಿ.

ಬೇಲೂರಿನ ಬಾಗಿಲಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಗೈಡ್ ಎದುರಾಗುತ್ತಾನೆ. ಅವನು ಬಾಯಿ ತೆರೆಯುವ ಮೊದಲೇ ಮಾವ ಕೈಯೆತ್ತಿ, "ಗೈಡ್ ಯಾಕಪ್ಪಾ, ನಾನಿದ್ದೀನಲ್ಲ!" ಅನ್ನುತ್ತಾರೆ. ಗೈಡ್ ವಾದಿಸುವುದಿಲ್ಲ. ಇಂಥವರನ್ನು ಅವನು ದಿನವೂ ಕಾಣುತ್ತಾನೆ.

"ನೋಡ್ರೋ, ಹೊಯ್ಸಳರ ಗೋಪುರ ಅಂದ್ರೆ ಇದು!" ಎಂದು ಮಾವ ರಾಜಗೋಪುರ ತೋರಿಸುತ್ತಾರೆ. ಅದನ್ನು ಕಟ್ಟಿಸಿದ್ದು ವಿಜಯನಗರದವರು. ಒಳಗೆ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮೇಲೆ ಗೋಪುರವೇ ಇಲ್ಲ. ಆದರೆ ಇದನ್ನೆಲ್ಲ ಯಾರು ಹೇಳಬೇಕು? ಊಟದ ಡಬ್ಬಿಯ ಚೀಲ ಮಾವನ ಹೆಂಡತಿಯ ಕೈಯಲ್ಲಿದೆ.

ಚಪ್ಪಲಿ ಬಿಟ್ಟ ಮೇಲೆ ಅಸಲಿ ಉಪನ್ಯಾಸ. ಮಧ್ಯಾಹ್ನ ಹನ್ನೆರಡರ ಬಿಸಿಲು, ಅಂಗಳದ ಚಪ್ಪಡಿ ಕಾದ ಕಾವಲಿ. ಅಲ್ಲಿರುವುದು ಒಂದೇ ಒಂದು ಅಂಗೈಯಗಲದ ನೆರಳು. ಅದರಲ್ಲಿ ಮಾವ ನಿಂತಿರುತ್ತಾರೆ. ಎದುರಿಗೆ ಸೊಸೆ, ಮಕ್ಕಳು, ಬೀಗರು ಒಂದು ಕಾಲೆತ್ತಿ ಇನ್ನೊಂದು ಊರಿ ಕುಣಿಯುತ್ತಿರುತ್ತಾರೆ. ಗೋಡೆಯ ಮೇಲಿನ ನರ್ತಕಿಯರಿಗೂ ಇವರಿಗೂ ಇರುವ ವ್ಯತ್ಯಾಸ ತಾಳದ್ದು ಮಾತ್ರ.

ಬೇಲೂರಿನ ಮದನಿಕೆಯರು 42. ಹೊರಗೆ 38, ಒಳಗೆ ನಾಲ್ಕು. ಮಾವನ ಪ್ರಕಾರ ಅಷ್ಟೂ ಜನ ಶಾಂತಲೆಯೇ. ಕನ್ನಡಿ ಹಿಡಿದವಳು ಶಾಂತಲೆ, ಗಿಳಿಯೊಡನೆ ಮಾತಾಡುವವಳು ಶಾಂತಲೆ, ಬೇಟೆಗೆ ಹೊರಟವಳು ಶಾಂತಲೆ. ಕೋತಿ ಸೀರೆ ಎಳೆಯುತ್ತಿರುವವಳ ಹತ್ತಿರ ಬಂದಾಗ ಮೊಮ್ಮಗಳು, "ತಾತ, ರಾಣಿಗೆ ಬಾಡಿಗಾರ್ಡ್ ಇರ್ಲಿಲ್ವಾ?" ಎಂದಳು. ಮಾವ ತಕ್ಷಣ ಮುಂದಿನ ಕಂಬಕ್ಕೆ ಹೋದರು.

ಕಲ್ಲಿನ ವಿಷಯದಲ್ಲಿ ಅವರ ಪಾಂಡಿತ್ಯ ಇನ್ನೂ ಗಟ್ಟಿ. "ಗ್ರಾನೈಟ್! ಇಂಥ ಗ್ರಾನೈಟಿನಲ್ಲಿ ಬಳೆ ಬಳೆಯನ್ನೂ ಬಿಡಿಸಿದ್ದಾರಲ್ಲ, ಯಂತ್ರ ಇಲ್ಲದೆ ಸಾಧ್ಯವೇ?" ಪಕ್ಕದ ಗುಂಪಿಗೆ ವಿವರಿಸುತ್ತಿದ್ದ ಅದೇ ಗೈಡ್ ಇತ್ತ ನೋಡದೆಯೇ ಹೇಳಿದ: ಇದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತೆ, ಅದಕ್ಕೇ ಇಷ್ಟು ಸೂಕ್ಷ್ಮ ಕುಸುರಿ ಕೂತಿದೆ. ಮಾವ ನಮ್ಮ ಕಡೆ ತಿರುಗಿ, "ಅದೇ ನಾನೂ ಹೇಳಿದ್ದು" ಎಂದರು. ಆಮೇಲೆ ಗಮನಿಸಿದೆ: ಮಾವನ ಬಾಯಿ ನಮ್ಮ ಕಡೆಗಿದ್ದರೂ ಕಿವಿ ಪೂರ್ತಿ ಆ ಗುಂಪಿನ ಕಡೆಗಿತ್ತು. ಗೈಡ್ ಅಲ್ಲಿ ಹೇಳಿದ್ದು ಐದು ನಿಮಿಷ ಬಿಟ್ಟು ಇಲ್ಲಿ ಪ್ರಸಾರವಾಗುತ್ತಿತ್ತು, ಮಸಾಲೆ ಸೇರಿಸಿಕೊಂಡು.

ಶೃಂಗಾರ ಶಿಲ್ಪಗಳಿರುವ ಕಡೆ ಮಾವನ ವೇಗ ಹೆಚ್ಚುತ್ತದೆ. "ಅಲ್ಲೇನಿಲ್ಲ, ಬನ್ನಿ ಬನ್ನಿ" ಎಂದು ಎಲ್ಲರನ್ನೂ ದಾಟಿಸುತ್ತಾರೆ. ಹತ್ತು ನಿಮಿಷದ ನಂತರ "ಕನ್ನಡಕ ಬಿಟ್ಟುಬಂದೆ" ಎಂದು ಒಬ್ಬರೇ ವಾಪಸು ಹೋಗುತ್ತಾರೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ.

ಅಂಗಳದ ತೂಗುಗಂಬದ ಅಡಿ ಹೋಟೆಲ್ ಬಿಲ್ಲು ತೂರಿಸಿ, ಅದರ ವಿಡಿಯೋ ಮಾಡಿಸಿ, ನಿಂತ ಮೆಟ್ಟಿನಲ್ಲೇ ಮೂರು ವಾಟ್ಸಾಪ್ ಗುಂಪಿಗೆ ಕಳಿಸಿದ ಮೇಲೆ ಹದಿನಾರು ಕಿಲೋಮೀಟರ್ ದೂರದ ಹಳೇಬೀಡು. ಇಲ್ಲಿ ಮಾವ ಇತಿಹಾಸ ಬಿಟ್ಟು ವಿಜ್ಞಾನಕ್ಕೆ ಇಳಿಯುತ್ತಾರೆ. ಒಂದು ಶಿಲ್ಪದ ಕೈಯಲ್ಲಿರುವುದು ದೂರದರ್ಶಕ, ಇನ್ನೊಂದರದು ಗೇರ್ ಚಕ್ರ. "ನಾಸಾದವರೇ ಬಂದು ನೋಡಿ ಬಾಯಿ ಮುಚ್ಚಿಕೊಂಡು ಹೋದರಂತೆ!" ಈ 'ಅಂತೆ' ಎಲ್ಲಿಂದ ಬಂತೆಂದು ಕೇಳಬಾರದು. ಇತ್ತ ಬುಡದ ಪಟ್ಟಿಕೆಯಲ್ಲಿ ಆನೆಗಳ ಸಾಲು ಗುಡಿಯನ್ನು ಸುತ್ತಿಕೊಂಡು ನಡೆದಿದೆ, ಒಂದಕ್ಕಿಂತ ಒಂದರ ಗತ್ತು ಬೇರೆ. ಅದರ ಮುಂದೆಯೇ ಮಾವ ನಮ್ಮನ್ನೆಲ್ಲ ಒತ್ತಾಗಿ ನಿಲ್ಲಿಸಿ ಗ್ರೂಪ್ ಫೋಟೊ ತೆಗೆದರು. ಫೋಟೊದಲ್ಲಿ ಆನೆ ಒಂದೂ ಇಲ್ಲ, ನಾವೆಲ್ಲ ಇದ್ದೇವೆ.

ಮರಳುವ ದಾರಿಯಲ್ಲಿ ಜಕಣಾಚಾರಿಯ ಕಥೆ. ಮಗ ಡಂಕಣ ವಿಗ್ರಹದಲ್ಲಿ ದೋಷ ತೋರಿಸಿದ್ದು, ಕಲ್ಲಿನಿಂದ ಕಪ್ಪೆ ಹೊರಬಂದದ್ದು, ತಂದೆ ಬಲಗೈ ಕಡಿದುಕೊಂಡದ್ದು. ಈ ಕಥೆಯನ್ನು ಮಾವ ನಿಜಕ್ಕೂ ಚೆನ್ನಾಗಿ ಹೇಳುತ್ತಾರೆ, ಕಣ್ಣೂ ಒದ್ದೆಯಾಗುತ್ತದೆ. ಕಥೆಗೆ ಶಾಸನದ ಆಧಾರವಿಲ್ಲ. ಆಧಾರವಿರುವುದು ಬಳ್ಳಿಗಾವೆಯ ದಾಸೋಜನಿಗೆ, ಅವನ ಮಗ ಚಾವಣನಿಗೆ. ತಾವು ಕೆತ್ತಿದ ಮದನಿಕೆಯರ ಪೀಠದಲ್ಲೇ ಅವರು ಹೆಸರು ಬರೆದಿದ್ದಾರೆ. ಬರೀ ಹೆಸರಲ್ಲ, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳೂ ಆ ಕಾಲದ ಕಲ್ಲುಗಳಲ್ಲಿವೆ. ಜಂಬ ಕೊಚ್ಚುವುದರಲ್ಲಿ ಅವರು ಮಾವನಿಗೇನೂ ಕಡಿಮೆಯಲ್ಲ. ಆದರೆ ಕೆಲಸ ಮುಗಿಸಿ ಕೊಚ್ಚಿದರು. ಮಾವ ಆ ಹೆಸರುಗಳ ಕೆಳಗೇ ಅರ್ಧ ಗಂಟೆ ನಿಂತು ಶಾಂತಲೆಯ ಬಗ್ಗೆ ಮಾತಾಡಿದ್ದರು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಮಾವ ಪತ್ರಿಕೆ ಮಡಿಸಿಟ್ಟು, "ಯುನೆಸ್ಕೊದವರಿಗೆ ಈಗ ಗೊತ್ತಾಯ್ತಾ? ನಾನು ಯಾವತ್ತೋ ಹೇಳಿದ್ದೆ" ಎಂದಿದ್ದರು. ಈಗ ಅವರ ಕಣ್ಣು ಸೋಮನಾಥಪುರದ ಮೇಲಿದೆ. ಟೆಂಪೋ ಟ್ರಾವೆಲರ್ ವಿಚಾರಿಸುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಹೊರಡುವಾಗ ಎರಡು ವಸ್ತು ಮರೆಯಬೇಡಿ: ಕಾಲಿಗೆ ದಪ್ಪನೆಯ ಕಾಲುಚೀಲ, ಜೇಬಿನಲ್ಲಿ ಗೈಡಿಗೆ ಕೊಡಲು ದುಡ್ಡು. ದುಡ್ಡು ಎಲ್ಲಿ ಹೋಯಿತೆಂದು ಮಾವ ಕೇಳಿದರೆ ಹುಂಡಿಗೆ ಹಾಕಿದೆ ಅನ್ನಿ.